ಜಡೆ ಮಾರ್ಕಿನ ಮಳೆಗಾಲ

ಮೊನ್ನೆ ಶುಕ್ರವಾರ ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿ ಕಿಟಕಿ ಪಕ್ಕ ಕೂತಿದ್ದೆ. ಇನ್ನೇನು ಹೊರಡಬೇಕು ಅನ್ನುವಾಗ ಒಬ್ಬ ಹೆಂಗಸು ಒದ್ದೆ ಕೂದಲಿಗೆ ತುದಿಗಂಟು ಹಾಕಿಕೊಂಡು ಓಡಿಬಂದು ನನ್ನ ಪಕ್ಕ ಕೂತಳು. ಎಣ್ಣೆನೀರು ಹಾಕಿಕೊಂಡು, ಒಣಗಿಸಿಕೊಳ್ಳಲು ಪುರುಸೊತ್ತಿಲ್ಲದೆ ಹೊರಟವಳು. ಗಾಡಿ ಅಲ್ಲಾಡಿದಾಗಲೆಲ್ಲ ಅವಳ ತಲೆಯಿಂದ ಸೀಗೆಯ ವಾಸನೆ, ಅದರ ಬೆನ್ನಿಗೇ ಕಚೋರದ ಘಾಟು. ಇದು ನಮ್ಮ ಮನೆಯ ಪುಡಿಯಲ್ಲ, ಮಾವನ ತಂಗಿ ಯಶೋದತ್ತೆಯದು ಎಂದು ಮೂಗೇ ಹೇಳಿತು. ನಾವು ಕಚೋರವನ್ನು ಹೆದರಿ ಹೆದರಿ ಹಾಕುತ್ತೇವೆ, ಅವರು ಕೈಬಿಚ್ಚಿ ಹಾಕುತ್ತಾರೆ. ಸುಮ್ಮನಿರಲಾರದೆ ಯಾವ ಪುಡಿ ಎಂದು ಕೇಳಿಯೇಬಿಟ್ಟೆ. "ಜಡೈ ಪೊಟ್ಟಲಂ" ಎಂದು ತಮಿಳಿನಲ್ಲಿ ಹೇಳಿ, ಚೆನ್ನಾಗಿರುತ್ತೆ, ನೀವೂ ಹಾಕಿ ನೋಡಿ ಎಂದು ನನಗೇ ಬುದ್ಧಿ ಹೇಳಿದಳು. ಆಗಲಿ ಎಂದೆ. ಊರಿಗಾಂ ಬರುವವರೆಗೂ ಒಬ್ಬಳೇ ನಗುತ್ತಾ ಕೂತಿದ್ದೆ. ಆ ಮಳೆಗಾಲ ನೆನಪಾದರೆ ಈಗ ನಗು ಬರುತ್ತದೆ. ಆಗ ನಕ್ಕವರು ಯಾರೂ ಇರಲಿಲ್ಲ.

ನಾನು ಬಂಗಾರಪೇಟೆ ಪಕ್ಕದ ಹಳ್ಳಿಯವಳು. ತವರಿನಲ್ಲಿ ಹಸು, ರಾಗಿ, ಟೊಮೇಟೊ. ಊರಿಗಾಂಗೆ ಮದುವೆಯಾಗಿ ಬಂದಾಗ ಮನೆಯಲ್ಲಿ ಇದ್ದವರು ಇಬ್ಬರೇ, ನನ್ನ ಗಂಡ ರಮೇಶ ಮತ್ತು ಮಾವ ವೆಂಕಟರಾಮಪ್ಪ. ಅತ್ತೆ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಉಳಿದ ಜಾಗವೆಲ್ಲ ಸೀಗೆಕಾಯಿಯದು. ಮಂಚದ ಕೆಳಗೆ ಮೂಟೆ, ಅಟ್ಟದ ಮೇಲೆ ಮೂಟೆ. ಹೊಸ ಸೊಸೆ ತವರು ನೆನೆದು ಅಳುತ್ತಾಳೆ ಅನ್ನುತ್ತಾರೆ. ನಾನು ಮೊದಲ ತಿಂಗಳು ಅತ್ತದ್ದಕ್ಕಿಂತ ಸೀನಿದ್ದೇ ಹೆಚ್ಚು. ಹಿಟ್ಟಿನ ಗಿರಣಿಯವರು ಸೀಗೆ ಬೀಸಲು ಒಪ್ಪುವುದಿಲ್ಲ. ಆಮೇಲೆ ರಾಗಿ ಬೀಸಿಸಿಕೊಂಡವರ ಮುದ್ದೆಯಲ್ಲಿ ನೊರೆ ಬರುತ್ತದಂತೆ. ಅದಕ್ಕೆ ಮನೆಯ ಹಿಂದಿನ ಶೆಡ್ಡಿನಲ್ಲೇ ನಮ್ಮದೊಂದು ಗಿರಣಿ. ಬೀಸುವ ದಿನ ನಮ್ಮ ಬೀದಿಗೆ ಬೀದಿಯೇ ಸೀನುತ್ತಿತ್ತು.

ಈ ಪುಡಿ ಶುರುವಾದದ್ದು ಮಾವನ ಅಮ್ಮನಿಂದ. ಮಾವನ ಅಪ್ಪ ಚಿನ್ನದ ಗಣಿಯ ಕೆಲಸಗಾರರು. ಗಣಿಯವರು ಕೊಟ್ಟ ಲೈನಿನ ಮನೆಯ ಮುಂದೆ ಅಜ್ಜಿ ಸೀಗೆ, ಮೆಂತ್ಯ, ಹೆಸರುಕಾಳು, ದಾಸವಾಳದ ಎಲೆ ಒಣಗಿಸಿ ಕುಟ್ಟಿ ಅಕ್ಕಪಕ್ಕದವರಿಗೆ ಮಾರುತ್ತಿದ್ದರು. ಮಾರಾಟ ಚೆನ್ನಾಗಿ ನಡೆದಾಗ ತಾತ ಪೊಟ್ಟಣಕ್ಕೊಂದು ಚಿತ್ರ ಇರಲಿ ಎಂದು ಬೋರ್ಡು ಬರೆಯುವ ಪೇಂಟರೊಬ್ಬನನ್ನು ಕರೆಸಿದರು. ಮಗಳು ಯಶೋದೆಗೆ ಆಗ ಮೊಣಕಾಲು ದಾಟುವ ಜಡೆ. ಬೀದಿ ನಲ್ಲಿಯಲ್ಲಿ ನೀರು ಹಿಡಿಯುತ್ತಿದ್ದವಳನ್ನು ಪೇಂಟರು ಈ ಕಡೆ ತಿರುಗಮ್ಮ ಎಂದು ಎಷ್ಟು ಕೇಳಿಕೊಂಡರೂ ಹುಡುಗಿ ನಾಚಿಕೊಂಡು ತಿರುಗಲೇ ಇಲ್ಲವಂತೆ. ಕೊನೆಗೆ ಅವನು ಬೆನ್ನನ್ನೇ ಬರೆದ. ನಲ್ಲಿ, ಕೊಡ, ಲಂಗದಾವಣಿಯ ಬೆನ್ನು, ಉದ್ದಕ್ಕೂ ಇಳಿದ ಜಡೆ. ಅದೇ ಜಡೆ ಮಾರ್ಕ್ ಆಯಿತು. ನಮ್ಮ ಊರಿಗೆ ಅದು ಹೇಳಿ ಮಾಡಿಸಿದ ಗುರುತು. ಕನ್ನಡದವರಿಗೆ ಜಡೆ, ತಮಿಳಿನವರಿಗೆ ಜಡೈ, ತೆಲುಗಿನವರಿಗೆ ಜಡ. ಓದು ಬಾರದವರೂ ಅಂಗಡಿಗೆ ಬಂದು ಬೆನ್ನ ಮೇಲೆ ಕೈ ಎಳೆದು ತೋರಿಸಿದರೆ ಪೊಟ್ಟಣ ಸಿಗುತ್ತಿತ್ತು.

ಲೇಬಲ್ಲು ಒತ್ತಲು ತಾತ ಆ ಚಿತ್ರದ ಅಚ್ಚನ್ನು ಎರಡು ಮಾಡಿಸಿದ್ದರು. ಮಗಳನ್ನು ಬಂಗಾರಪೇಟೆಯ ಗ್ರಂಥಿಗೆ ಅಂಗಡಿಯ ಕೃಷ್ಣಪ್ಪನವರಿಗೆ ಕೊಟ್ಟು ಮದುವೆ ಮಾಡಿದಾಗ, ಮೊರದಲ್ಲಿ ಅರಿಶಿನ ಕುಂಕುಮ, ಬಳೆ, ಸೀರೆಯ ಜೊತೆಗೆ ಒಂದು ಅಚ್ಚನ್ನೂ ಇಟ್ಟು ಮಡಿಲು ತುಂಬಿದರು. ಮಗನಿಗೆ ಕೊಟ್ಟ ಅನ್ನ ಮಗಳಿಗೂ ಇರಲಿ ಎಂದು ಅವರ ಲೆಕ್ಕ. ಅಂದಿನಿಂದ ಊರಿಗಾಂನಲ್ಲಿ ಅಣ್ಣ, ಬಂಗಾರಪೇಟೆಯಲ್ಲಿ ತಂಗಿ, ಒಂದೇ ಚಿತ್ರ ಹಾಕಿಕೊಂಡು ಪುಡಿ ಮಾರಿಕೊಂಡು ಬಂದರು. ನೀನು ಈ ಕಡೆ ಬರಬೇಡ, ನಾನು ಆ ಕಡೆ ಬರುವುದಿಲ್ಲ ಎಂಬ ಮಾತೂ ಅವರ ನಡುವೆ ಬಂದಿರಲಿಲ್ಲ. ಹಾಗಂತ ಬಂದು ಹೋಗಿ ಮಾಡುತ್ತಿದ್ದರೆಂದಲ್ಲ. ರೈಲಿನಲ್ಲಿ ಕೂತು ಎರಡು ಬಾರಿ ಕೆಮ್ಮುವುದರೊಳಗೆ ಬರುವ ಊರು ಅದು. ಆದರೂ ಮಾವ ತಂಗಿಯ ಮನೆಗೆ ಹೋಗುತ್ತಿದ್ದದ್ದು ಗೌರಿ ಹಬ್ಬಕ್ಕೆ, ಇಲ್ಲವೇ ಯಾರಾದರೂ ಸತ್ತರೆ. ಹತ್ತಿರದ ಊರಿಗೆ ಹೋಗಲು ಯಾರಿಗೂ ಪುರುಸೊತ್ತಿರುವುದಿಲ್ಲ.

ಆ ವರ್ಷ ಆಷಾಢದ ಗಾಳಿ ಜೋರಾಗಿತ್ತು. ಗಣಿಯ ಕಸ ಸುರಿದು ಬೆಳೆದ ಸೈನೈಡ್ ದಿಬ್ಬದ ಬಿಳಿ ಧೂಳು ಎದ್ದು ಊರ ಮೇಲೆಲ್ಲ ಸುರಿಯುತ್ತಿತ್ತು. ಸೀಗೆಯನ್ನು ತಾರಸಿಯ ಮೇಲೆ ಹರಡುವಂತಿಲ್ಲ. ನಡುಮನೆಯಲ್ಲೇ ಹರವಿ, ಫ್ಯಾನು ಹಾಕಿ, ಬೀಜ ಬಿಡಿಸುತ್ತಾ ಕೂತಿದ್ದೆ. ಆಗಲೇ ಆಂಡರ್ಸನ್‌ಪೇಟೆಯಿಂದ ನಮ್ಮ ಹಳೇ ಗಿರಾಕಿ ಸೆಲ್ವಿಯಕ್ಕ ಬಂದು ಒಂದು ಪೊಟ್ಟಣವನ್ನು ನನ್ನ ಮಡಿಲಿಗೆ ಎಸೆದರು. ಇದನ್ನು ಹಾಕಿಕೊಂಡು ತಲೆ ಉರಿದು ಎರಡು ದಿನ ನಿದ್ದೆಯಿಲ್ಲ, ನಿಮ್ಮ ಮಾವನಿಗೆ ವಯಸ್ಸಾಯಿತೋ ಅಥವಾ ಆಸೆ ಹೆಚ್ಚಾಯಿತೋ ಎಂದು ತಮಿಳಿನಲ್ಲೂ ಕನ್ನಡದಲ್ಲೂ ಬೈದರು. ನನಗೂ ರೇಗಿತು. ಉತ್ತರ ಕೊಡಲು ಪೊಟ್ಟಣ ಕೈಗೆತ್ತಿಕೊಂಡೆ. ನಲ್ಲಿ ಇತ್ತು, ಕೊಡ ಇತ್ತು, ಜಡೆ ಇತ್ತು. ಆದರೆ ನಲ್ಲಿ ಬಲಕ್ಕಿರಬೇಕಾದದ್ದು ಎಡಕ್ಕಿತ್ತು. ಒಳಗಿನ ಪುಡಿ ಬೆರಳಿಗೆ ಮರಳಿನಂತೆ ಸಿಗುತ್ತಿತ್ತು. ಗಡಿಯಾಚೆ ಆಂಧ್ರದ ಕಡೆ ಯಾವನೋ ವ್ಯಾಪಾರಿ ನಮ್ಮ ಚಿತ್ರವನ್ನು ಕನ್ನಡಿಯಲ್ಲಿ ಹಿಡಿದ ಹಾಗೆ ತಿರುಗಿಸಿ ಅಚ್ಚು ಹಾಕಿಸಿದ್ದ.

ಮಾವ ಅದನ್ನು ಬೆಳಕಿಗೆ ಹಿಡಿದು ನೋಡಿದರು. ಅವರು ಸಿಟ್ಟು ಬಂದರೆ ಕೂಗುವವರಲ್ಲ, ದನಿ ಇಳಿಯುತ್ತದೆ. ವ್ಯಾಪಾರ ಹೋಯಿತು ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು ರಮೇಶನಿಗೆ ಹೇಳಿದ್ದೇ ಬೇರೆ.

"ನನ್ ತಂಗೀನ ಯಾವನೋ ತಕ್ಕೊಂಡೋಗಿ ಸಂತೇಲಿ ನಿಲ್ಸವ್ನೆ ಕಣ್ಲಾ."

ಹೀಗೆ ನಮಗೆ ವಕೀಲೆ ಸ್ಟೆಲ್ಲಾ ಗಂಟುಬಿದ್ದದ್ದು. ಚಾಂಪಿಯನ್‌ ರೀಫ್ಸ್‌ನ ಹುಡುಗಿ, ರಮೇಶನ ಸಹಪಾಠಿಯ ತಂಗಿ. ಬೆಂಗಳೂರಿನ ಒಂದು ಆಫೀಸಿನಲ್ಲಿ ಟ್ರೇಡ್‌ಮಾರ್ಕ್ ಕೆಲಸ ನೋಡಿಕೊಳ್ಳುತ್ತಾಳೆ, ದಿನಾ ಬೆಳಿಗ್ಗೆ ರೈಲಿನಲ್ಲಿ ಹೋಗಿ ರಾತ್ರಿ ಬರುತ್ತಾಳೆ. ಒಂದು ಭಾನುವಾರ ಚರ್ಚು ಮುಗಿಸಿ ನಮ್ಮ ಮನೆಗೆ ಬಂದು, ಮೊದಲು ಚೆನ್ನಾಗಿ ಸೀನಿ, ಆಮೇಲೆ ನಮ್ಮ ಪೊಟ್ಟಣ ತಿರುಗಿಸಿ ನೋಡಿ ಹೌಹಾರಿದಳು. ಜಡೆಯ ಪಕ್ಕದಲ್ಲಿ ವೃತ್ತದೊಳಗೆ ಇಂಗ್ಲಿಷಿನ ಆರ್ ಅಕ್ಷರವಿತ್ತು. ಯಾರು ಹಾಕಿದ್ದು ಎಂದಳು. ರಾಬರ್ಟ್‌ಸನ್‌ಪೇಟೆಯ ಪ್ರಿಂಟರು, ದೊಡ್ಡ ಕಂಪನಿಗಳ ಸೋಪಿನ ಮೇಲೆ ಇರುತ್ತೆ, ಚೆಂದ ಕಾಣುತ್ತೆ ಎಂದು ಹಾಕಿಕೊಟ್ಟಿದ್ದಾನೆ ಎಂದು ರಮೇಶ ಹೆಮ್ಮೆಯಿಂದಲೇ ಹೇಳಿದ. ಅದು ರಿಜಿಸ್ಟರ್ ಆದ ಗುರುತಿಗೆ ಮಾತ್ರ ಹಾಕುವಂಥದ್ದು, ಆಗದೆ ಹಾಕಿದರೆ ಅದೇ ಅಪರಾಧ, ಕಳ್ಳನನ್ನು ಹಿಡಿಯಲು ಹೋದವರೇ ಸಿಕ್ಕಿಬೀಳುತ್ತೀರಿ ಎಂದು ಸ್ಟೆಲ್ಲಾ ತಲೆ ಚಚ್ಚಿಕೊಂಡಳು. ಆ ರಾತ್ರಿಯ ಊಟ ಬಿಟ್ಟು ನಾವು ಮೂವರೂ ಲೇಬಲ್ಲಿನ ಕಟ್ಟುಗಳ ಮುಂದೆ ಕೂತು ಆ ಅಕ್ಷರದ ಮೇಲೆ ಮಸಿ ಬಳಿದೆವು. ಚೆಂದ ಮಾಡಿಕೊಟ್ಟವನನ್ನು ನಾನು ಒಂದೊಂದು ಲೇಬಲ್ಲಿಗೂ ಒಂದೊಂದು ಸಲ ನೆನೆದೆ.

ಸ್ಟೆಲ್ಲಾ ವಿಷಯವನ್ನು ಬಿಡಿಸಿ ಹೇಳುವುದರಲ್ಲಿ ಗಟ್ಟಿಗಿತ್ತಿ. ಗುರುತಿನ ಹಕ್ಕು ಕಾಗದದಿಂದ ಬರುವುದಿಲ್ಲ, ಬಳಸಿಕೊಂಡು ಬಂದದ್ದರಿಂದ ಬರುತ್ತದೆ. ಮೊದಲು ಬಳಸಿದವರು ಯಾರು, ಬಿಡದೆ ಬಳಸಿದವರು ಯಾರು, ಜನ ಅದನ್ನು ನೋಡಿದರೆ ಯಾರ ಮಾಲು ಅಂದುಕೊಳ್ಳುತ್ತಾರೆ, ಇಷ್ಟೇ ಪ್ರಶ್ನೆ. ಹಾಗಾದರೆ ರಿಜಿಸ್ಟರ್ ಯಾಕೆ ಎಂದು ಮಾವ ಕೇಳಿದಾಗ, ಮನೆ ನಿಮ್ಮದೇ ಆದರೂ ಬೀಗ ಹಾಕುತ್ತೀರಲ್ಲ, ಅದಕ್ಕೆ ಎಂದಳು. ಅರ್ಜಿ ಹಾಕಿದ ಮೇಲೆ ಅಧಿಕಾರಿಗಳು ತಕರಾರು ಎತ್ತುತ್ತಾರೆ, ತಲೆಗೆ ಹಾಕುವ ಪುಡಿಗೆ ಜಡೆಯ ಚಿತ್ರ ಯಾರು ಬೇಕಾದರೂ ಹಾಕಬಹುದಲ್ಲ ಎಂದು ಕೇಳುತ್ತಾರೆ. ಆಗ ಈ ನಲ್ಲಿ, ಈ ಕೊಡ, ಈ ಬೆನ್ನು ಕಂಡರೆ ಜನ ನಿಮ್ಮನ್ನೇ ನೆನೆಯುತ್ತಾರೆ ಎಂದು ತೋರಿಸಬೇಕು. ಆಮೇಲೆ ಪತ್ರಿಕೆಯಲ್ಲಿ ಪ್ರಕಟಿಸಿ, ಆಕ್ಷೇಪಣೆ ಇದ್ದವರು ಬನ್ನಿ ಎಂದು ಕಾಯುತ್ತಾರೆ. ಮದುವೆ ನಿಶ್ಚಯಿಸಿದ ಹಾಗೇ ಅಂದೆ. ಹೌದಕ್ಕಾ, ಗಂಡಿನ ಕಡೆಯವರಿಗಿಂತ ಜಾಸ್ತಿ ಕೊಂಕು ತೆಗೆಯುತ್ತಾರೆ ಎಂದಳು.

ಕೊನೆಗೆ ಪೆನ್ನಿನ ಮುಚ್ಚಳ ಹಾಕುವ ಮೊದಲು ಒಂದು ಮಾತು ಕೇಳಿದಳು. "ಅಂಕಲ್, ಈ ಮಾರ್ಕನ್ನ ನೀವು ಬಿಟ್ರೆ ಬೇರೆ ಯಾರಾದ್ರೂ ಬಳಸ್ತಾರಾ? ಯೋಚನೆ ಮಾಡಿ ಹೇಳಿ."

"ಯಾರೂ ಇಲ್ಲಮ್ಮ. ನಾವೇ," ಎಂದರು ಮಾವ.

ಅದು ಸುಳ್ಳಲ್ಲ. ಅವರ ಮನಸ್ಸಿನಲ್ಲಿ ನಾವು ಅಂದರೆ ಯಶೋದತ್ತೆಯೂ ಸೇರಿ ನಾವು. ಅಲ್ಲೇ ಕೂತಿದ್ದ ರಮೇಶನಿಗಾಗಲೀ, ಕಾಫಿ ಲೋಟ ಹಿಡಿದು ನಿಂತಿದ್ದ ನನಗಾಗಲೀ ಆ ಉತ್ತರದಲ್ಲಿ ಏನೂ ತಪ್ಪು ಕಾಣಲಿಲ್ಲ. ನಿಮ್ಮ ಮನೆಯಲ್ಲಿ ಬೇರೆ ಯಾರಾದರೂ ಊಟ ಮಾಡುತ್ತಾರಾ ಎಂದು ಕೇಳಿದರೆ ಯಾರಾದರೂ ತಂಗಿಯ ಹೆಸರು ಹೇಳುತ್ತಾರೆಯೇ?

ಸ್ಟೆಲ್ಲಾಳ ಆಫೀಸಿನವರು ಒಬ್ಬರನ್ನು ಕಳಿಸಿ ಸಂತೆ, ಅಂಗಡಿ ಎಲ್ಲ ಸುತ್ತಿಸಿ, ನಮ್ಮ ವಿಳಾಸವಿಲ್ಲದ ಜಡೆ ಪೊಟ್ಟಣ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಕೊಂಡು ತರಿಸಿದರು. ಆ ಮನುಷ್ಯ ತನ್ನ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದ. ಆಂಧ್ರದವನ ಪೊಟ್ಟಣವೂ ಸಿಕ್ಕಿತು, ಬಂಗಾರಪೇಟೆಯ ಗ್ರಂಥಿಗೆ ಅಂಗಡಿಯ ಪೊಟ್ಟಣವೂ ಸಿಕ್ಕಿತು. ಎರಡು ನೋಟಿಸು ತಯಾರಾಯಿತು. ಕಳಿಸುವ ಮೊದಲು ಸ್ಟೆಲ್ಲಾ ಎರಡನ್ನೂ ರಮೇಶನ ವಾಟ್ಸಾಪಿಗೆ ಹಾಕಿ ಒಪ್ಪಿಗೆ ಕೇಳಿದ್ದಾಳೆ. ನಮ್ಮ ಯಜಮಾನರು ಮೊದಲನೆಯದನ್ನು ತೆರೆದು, ಇಂಗ್ಲಿಷ್ ಭರ್ಜರಿಯಾಗಿದೆ ಎಂದು ಖುಷಿಪಟ್ಟು, ಎರಡನೆಯದು ಅದರದೇ ಇನ್ನೊಂದು ಪ್ರತಿ ಅಂದುಕೊಂಡು, ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿಬಿಟ್ಟರು.

ಶ್ರಾವಣ ಮುಗಿಯುತ್ತಾ ಬಂದಿತ್ತು. ನಮ್ಮ ಕಡೆ ಮಳೆ ಸುರಿಯುವುದಕ್ಕಿಂತ ಮೋಡ ಮುಚ್ಚಿಕೊಂಡು ಕಾಡಿಸುವುದೇ ಹೆಚ್ಚು. ಬಿಸಿಲಿಲ್ಲದೆ ಸೀಗೆ ಮೆತ್ತಗಾಗಿ, ಬೀಸಿದರೆ ಪುಡಿ ಗಂಟು ಕಟ್ಟುತ್ತಿತ್ತು. ಗೌರಿ ಹಬ್ಬಕ್ಕೆ ಇನ್ನೇನು ವಾರ. ಯಶೋದತ್ತೆಗೆ ಬಾಗಿನ ಕೊಡಲು ನಾನು ಹಸಿರು ಸೀರೆ, ಬಳೆ ತಂದು ಹೊಸ ಮೊರ ತೊಳೆದು ಅರಿಶಿನ ಹಚ್ಚಿ ಇಟ್ಟಿದ್ದೆ. ಆಗ ಅವರ ಗಂಡ ಕೃಷ್ಣಪ್ಪನವರು ಬಂದರು. ಮಾತು ಕಡಿಮೆಯ ಮನುಷ್ಯ, ತಲೆ ತಗ್ಗಿಸಿಕೊಂಡೇ ಇರುವವರು. ಕೈಯಲ್ಲಿ ಮೊರದ ಮೇಲೆ ಮೊರ ಮುಚ್ಚಿ ಕಟ್ಟಿದ ಗಂಟು. ನಾವು ಕೊಡಬೇಕಾದ ಬಾಗಿನವನ್ನು ಅವರೇ ಹೊತ್ತು ತಂದರಲ್ಲ ಎಂದು ನಾನು ತಮಾಷೆ ಮಾಡಿದೆ. ಅವರು ನಗಲಿಲ್ಲ. ಕಾಫಿ ಬೇಡ ಎಂದರು. ಗಂಟು ಬಿಚ್ಚಿದರೆ ಒಳಗೆ ಒಂದು ಹಿಡಿ ಅಕ್ಕಿಯ ಮೇಲೆ ಆ ಹಳೆಯ ಅಚ್ಚು, ಪಕ್ಕದಲ್ಲಿ ಮಿಕ್ಕಿದ ಲೇಬಲ್ಲುಗಳ ಕಟ್ಟು, ಮತ್ತು ಮಡಿಸಿಟ್ಟ ನೋಟಿಸು.

"ಅಣ್ಣನ ಮಾತು ಮೀರಾಕಾಯ್ತದಾ, ಅಪ್ಪ ಕೊಟ್ಟಿದ್ದು ಅಣ್ಣನ ತಾವೇ ಇರ್ಲಿ ಅಂದ್ಲು," ಎಂದು ಹೇಳಿ, ಅವರು ಬಂದ ದಾರಿಯಲ್ಲೇ ಸ್ಟೇಷನ್ನಿಗೆ ನಡೆದರು.

ಹೆಣ್ಣುಮಗಳು ತವರಿನಿಂದ ಬಂದ ಮೊರವನ್ನು ತಿರುಗಿ ಕಳಿಸಿದರೆ ತವರಿನ ನಂಟೇ ಬೇಡ ಎಂದರ್ಥ, ನಮ್ಮ ಕಡೆಯವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ರಮೇಶ ನೋಟಿಸನ್ನು ಕನ್ನಡಕ್ಕೆ ತಿರುಗಿಸಿ ಓದಿ ಹೇಳಿದ. ನನ್ನ ಕಕ್ಷಿದಾರರಾದ ಊರಿಗಾಂ ವಾಸಿ ವೆಂಕಟರಾಮಪ್ಪನವರ ಗುರುತನ್ನು ನೀವು ಅಕ್ರಮವಾಗಿ ಬಳಸುತ್ತಿದ್ದು, ಕೂಡಲೇ ನಿಲ್ಲಿಸದಿದ್ದರೆ ಕಾನೂನು ಕ್ರಮ ಜರುಗಿಸಲಾಗುವುದು. ಹಬ್ಬಕ್ಕೆ ಅಣ್ಣ ತಂಗಿಗೆ ಕಳಿಸಿದ ಉಡುಗೊರೆ! ಮಾವ ಅಚ್ಚನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಆ ದಿನ ಗಿರಣಿ ಓಡಲಿಲ್ಲ. ಅವರನ್ನು ಎರಡು ಸಲ ಊಟಕ್ಕೆ ಕರೆದೆ, ನನ್ನ ಗಂಡನನ್ನು ನೋಡಿ ಬೇರೆಯೇ ಏನೋ ಮಾಡಬೇಕೆನಿಸಿತು.

ಸುದ್ದಿ ಕೇಳಿ ಸ್ಟೆಲ್ಲಾ ಅವತ್ತೇ ರಾತ್ರಿ ರೈಲಿಳಿದು ಓಡಿಬಂದಳು, ಕಣ್ಣಲ್ಲಿ ನೀರು. ನಾನು ಕೇಳಿದೆನಲ್ಲ ಅಂಕಲ್ ಎಂದಳು.

"ಕೇಳ್ದೆ ಕಣಮ್ಮ. ನೀನು ಸರಿಯಾಗೇ ಕೇಳ್ದೆ. ನನ್ ತಂಗಿ ಬೇರೆಯೋಳು ಅಂತ ನಂಗೇ ಹೊಳೀಲಿಲ್ಲ," ಎಂದರು ಮಾವ. ಮಗನನ್ನೂ ಅವರು ಬೈಯಲಿಲ್ಲ. ಆ ಕೆಲಸವನ್ನು ನಾನು ಮಾಡಿದ್ದೆ.

ಹಾಳಾದದ್ದು ಸಂಬಂಧವೊಂದೇ ಅಲ್ಲ. ಕೇಸೂ ಕೆಡುವ ಹಾಗಿತ್ತು. ಯಶೋದತ್ತೆ ಇಷ್ಟು ವರ್ಷ ಅದೇ ಗುರುತು ಹಾಕಿಕೊಂಡು ಬಂದಿದ್ದಾರೆ, ಅವರ ಹಕ್ಕೂ ಅಷ್ಟೇ ಗಟ್ಟಿ. ಅವರು ಬೇರೆ ನಿಂತರೆ ಆಂಧ್ರದವನು, ಇದು ಯಾರೊಬ್ಬರದೂ ಅಲ್ಲ, ಊರವರೆಲ್ಲ ಹಾಕುವ ಚಿತ್ರ ಎಂದುಬಿಡುತ್ತಾನೆ. ಅದೂ ಅಲ್ಲದೆ ಅದು ಬದುಕಿರುವವರ ಚಿತ್ರ, ಅವರ ಒಪ್ಪಿಗೆಯನ್ನು ಅಧಿಕಾರಿಗಳು ಕೇಳಬಹುದು. ನೋಟಿಸನ್ನು ಹಿಂತೆಗೆದುಕೊಂಡು ಕ್ಷಮೆ ಕೇಳುತ್ತೇನೆ, ಮಾಲೀಕರು ನೀವು, ಬಳಸಲು ಅನುಮತಿ ಪಡೆದವರು ಅವರು ಎಂದು ಒಂದು ಒಪ್ಪಂದ ಮಾಡಿಕೊಳ್ಳಿ, ಎಲ್ಲರೂ ಹಾಗೇ ಮಾಡುತ್ತಾರೆ ಎಂದು ಸ್ಟೆಲ್ಲಾ ಕಾಗದ ಸಿದ್ಧಮಾಡಿ ಕೊಟ್ಟಳು.

ಗೌರಿ ಹಬ್ಬದ ದಿನ ನಾವು ಮೂವರೂ ಬಂಗಾರಪೇಟೆಗೆ ಹೋದೆವು. ಮೊರದಲ್ಲಿ ಅಚ್ಚನ್ನು ಮತ್ತೆ ಇಟ್ಟಿದ್ದೆವು. ಬಾಗಿಲಲ್ಲಿ ಯಶೋದತ್ತೆ ನಮಗೆ ಕಾಲಿಗೆ ನೀರು ಕೊಟ್ಟರು, ಕೂರಿಸಿದರು, ಒಬ್ಬಟ್ಟು ಬಡಿಸಿ ತುಪ್ಪ ಹಾಕಿದರು. ನನ್ನ ತಲೆಗೆ ಹೂ ಮುಡಿಸಿದರು. ಅಣ್ಣನಿಗೂ ಎರಡನೇ ಸಲ ಅನ್ನ ಹಾಕಲಾ ಎಂದು ಕೇಳಿದರು. ಅದು ಬಿಟ್ಟರೆ ಒಂದು ಮಾತಿಲ್ಲ. ಜಗಳ ಆಡಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಅವರಿಗೆ ಈಗ ಅಂಥ ಜಡೆಯಿಲ್ಲ, ನೆರೆತ ಕೂದಲಿನ ಸಣ್ಣ ಗಂಟು. ಆದರೆ ಒಲೆಯ ಕಡೆ ತಿರುಗಿ ನಿಂತಾಗ ಎಡಭುಜ ಸ್ವಲ್ಪ ತಗ್ಗಿಸುವುದು ಪೊಟ್ಟಣದ ಮೇಲಿದ್ದ ಹಾಗೇ ಇತ್ತು.

ಊಟವಾದ ಮೇಲೆ ಮಾವ ಮೊರದ ಜೊತೆ ಆ ಕಾಗದವನ್ನೂ ಮುಂದಿಟ್ಟರು. ಯಶೋದತ್ತೆ ಮೊರ ಮುಟ್ಟಲಿಲ್ಲ. ಕನ್ನಡಕ ಹಾಕಿಕೊಂಡು ಕಾಗದ ಓದಿದರು. ಅನುಮತಿ ಪಡೆದವರು ಎಂಬಲ್ಲಿ ತಮ್ಮ ಹೆಸರು ಕಂಡು ಕನ್ನಡಕ ತೆಗೆದರು.

"ಆ ಬೆನ್ನು ನಂದು ಕಣಣ್ಣ. ನನ್ ಬೆನ್ನಿಗೆ ನೀನು ಪರ್ಮಿಷನ್ ಕೊಡ್ತೀಯಾ?"

ಮಾವ ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡರು. ಸಂಜೆಯ ರೈಲಿನಲ್ಲಿ ಮೊರ ನಮ್ಮ ಜೊತೆಗೇ ವಾಪಸ್ಸು ಬಂತು. ಹಬ್ಬದ ದಿನ ತುಂಬಿದ ಮೊರ ಹೊತ್ತು ಗಂಡುಮಗ ಊರಿಗೆ ಬರುವುದನ್ನು ಕಂಡು ಸ್ಟೇಷನ್ನಿನಲ್ಲಿ ಪರಿಚಯದವರು ಏನು ಎಂದು ಕೇಳಿದರು. ಮಾವ ಮೊರದ ಮೇಲೆ ಹೆಗಲ ಟವಲು ಮುಚ್ಚಿಕೊಂಡು ಮನೆ ಕಡೆ ನಡೆದರು.

ಆಮೇಲಿನ ದಿನಗಳು ಕೆಟ್ಟದಾಗಿದ್ದವು. ಆಂಧ್ರದವನಿಂದ ಉತ್ತರ ಬಂತು, ಜಡೆ ಯಾರಪ್ಪನ ಸ್ವತ್ತು ಎಂಬ ಧಾಟಿಯಲ್ಲಿ. ಅವನ ಪೊಟ್ಟಣ ಈಗ ಮಾರಿಕುಪ್ಪಂನಲ್ಲೂ ಸಿಗುತ್ತಿತ್ತು. ನಮ್ಮ ಅಂಗಡಿಯವರು ಇಬ್ಬರು ಆರ್ಡರ್ ನಿಲ್ಲಿಸಿದರು. ಬಂಗಾರಪೇಟೆಯಲ್ಲಿ ಯಶೋದತ್ತೆಯ ಪುಡಿ ನಿಂತ ಜಾಗಕ್ಕೆ ಅವನದೇ ಬಂದು ಕೂತಿತು. ಬೀಸಿದ ಮಾಲು ಚೀಲದಲ್ಲೇ ಇತ್ತು. ಮಾವ ದಿನವೆಲ್ಲ ಸೀಗೆ ಬಿಡಿಸುತ್ತಾ ಕೂತಿರುತ್ತಿದ್ದರು, ನಾನು ಕೇಳಿದ್ದಕ್ಕೆ ಹೂಂ, ಉಹೂಂ ಅಷ್ಟೇ.

ಒಂದು ಬೆಳಿಗ್ಗೆ ಅವರು ತಾವೇ ಸ್ಟೆಲ್ಲಾಗೆ ಫೋನ್ ಮಾಡಿಸಿದರು. ಆ ಕಾಗದ ತಲೆಕೆಳಗೆ ಮಾಡಲು ಆಗುತ್ತದಾ ಎಂದು ಕೇಳಿದರು. ಮಾಲೀಕಳು ತಂಗಿ, ಅನುಮತಿ ಪಡೆದವನು ತಾನು. ಆಗುತ್ತದೆ, ಆದರೆ ನಿಮಗೆ ಅಪ್ಪನಿಂದ ಬಂದ ಪಾಲನ್ನು ಅವರಿಗೆ ಬಿಟ್ಟುಕೊಟ್ಟೆ ಎಂದು ಬರೆದುಕೊಡಬೇಕು, ಆಮೇಲೆ ಅವರು ನಿಲ್ಲಿಸು ಎಂದರೆ ನೀವು ನಿಲ್ಲಿಸಬೇಕಾಗುತ್ತದೆ, ವಕೀಲಳಾಗಿ ನಾನು ಇದನ್ನು ಬೇಡ ಎನ್ನುತ್ತೇನೆ ಎಂದಳು ಸ್ಟೆಲ್ಲಾ. ರಮೇಶ ಕೂಗಾಡಿದ. ಇರುವುದೊಂದು ಹೆಸರು, ಅದನ್ನೂ ಕೊಟ್ಟರೆ ನಾಳೆ ನಾವು ಏನು ತಿನ್ನುವುದು, ಅತ್ತೆ ಒಳ್ಳೆಯವರೇ, ಅವರ ಮಕ್ಕಳು ಹೇಗೋ ಯಾರಿಗೆ ಗೊತ್ತು ಎಂದ. ನಿಜ ಹೇಳಬೇಕೆಂದರೆ ನನಗೂ ಅವನ ಮಾತು ಸರಿ ಅನ್ನಿಸಿತು. ನಮ್ಮ ಕಡೆ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕುವವರು ಹೆಣ್ಣುಮಕ್ಕಳು. ಯಶೋದತ್ತೆಯೂ ಊರಿಗಾಂ ಮನೆಗೆ ಹಾಗೆ ಸಹಿ ಹಾಕಿ ಹೋದವರೇ, ನಾನೂ ತವರಿನ ಜಮೀನಿಗೆ ಹಾಕಿ ಬಂದವಳೇ. ಅಣ್ಣ ತಂಗಿಗೆ ಬರೆದುಕೊಟ್ಟದ್ದನ್ನು ನಾನು ಕಂಡೂ ಇರಲಿಲ್ಲ, ಕೇಳಿಯೂ ಇರಲಿಲ್ಲ.

ಮಗ ಕೂಗಿ ಮುಗಿಸುವವರೆಗೆ ಮಾವ ಕಾದರು. "ಅಚ್ಚು ಎರಡಿದ್ರೂ ಬೆನ್ನು ಒಂದೇ ಅಲ್ವೇನ್ಲಾ," ಎಂದರು. "ಅವ್ಳು ನಿಲ್ಸು ಅಂದ್ರೆ ನಿಲ್ಸಾನ."

ಅಲ್ಲಿಗೆ ಮಾತು ಮುಗಿಯಿತು. ನನಗೆ ಭಯವಿತ್ತು, ಆದರೂ ಆ ಗಳಿಗೆಯಲ್ಲಿ ನಾನು ಈ ಮನೆಗೆ ಸೊಸೆಯಾಗಿ ಬಂದದ್ದಕ್ಕೆ ಹೆಮ್ಮೆಯಾಯಿತು. ಅದನ್ನು ಅವರಿಗೆ ಹೇಳಲಿಲ್ಲ, ಕಾಫಿಗೆ ಸಕ್ಕರೆ ಜಾಸ್ತಿ ಹಾಕಿಕೊಟ್ಟೆ.

ದಸರಾ ಮುಗಿದ ಮೇಲಿನ ಭಾನುವಾರ ಸ್ಟೆಲ್ಲಾಳನ್ನೂ ಕರೆದುಕೊಂಡು, ಅದೇ ಮೊರ ಹೊತ್ತುಕೊಂಡು ಮತ್ತೆ ಹೋದೆವು. ಮಾವ ಮೊದಲು ತಮ್ಮ ಕಾಗದಕ್ಕೆ ಸಹಿ ಹಾಕಿ, ಆಮೇಲೆ ತಂಗಿಯ ಮುಂದಿಟ್ಟರು. ಯಶೋದತ್ತೆ ಓದಿದರು. ಮಾಲೀಕರು ಎಂಬಲ್ಲಿ ಬೆರಳಿಟ್ಟು, ಇನ್ನೊಮ್ಮೆ ಓದಿದರು. ಆಮೇಲೆ ಎದ್ದು ಒಳಗೆ ಹೋದವರು ಬಹಳ ಹೊತ್ತು ಬರಲಿಲ್ಲ. ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಮಾತ್ರ ಕೇಳುತ್ತಿತ್ತು. ಬಂದಾಗ ಕಣ್ಣು ಕೆಂಪಗಿತ್ತು. ಇನ್ನೂ ಏನಾದರೂ ಇದೆಯಾ, ಓದಿ ಹೇಳಮ್ಮ ಎಂದು ಸ್ಟೆಲ್ಲಾಗೆ ಹೇಳಿದರು.

ಇನ್ನೊಂದು ಷರತ್ತಿತ್ತು. ಗುರುತಿನ ಮಾಲೀಕರು ತಾವು ಅನುಮತಿ ಕೊಟ್ಟವರ ಮಾಲು ಸರಿಯಾಗಿದೆಯೇ ಎಂದು ಆಗಾಗ ಪರೀಕ್ಷಿಸುತ್ತಿರಬೇಕು. ಹೇಗಾದರೂ ಮಾಡಿಕೊಳ್ಳಲಿ ಎಂದು ಬಿಟ್ಟರೆ, ಆ ಗುರುತಿಗೆ ಬೆಲೆ ಹೋಗಿ ಹಕ್ಕೇ ಸಡಿಲವಾಗುತ್ತದೆ. ಅದನ್ನು ಮಾಡುವುದು ಹೇಗೆ ಎಂದು ಯಶೋದತ್ತೆ ಕೇಳಿದರು. ಸುಲಭ ಆಂಟಿ, ಆಗಾಗ ಒಂದು ಪೊಟ್ಟಣ ಕೊರಿಯರ್ ಮಾಡಿಸಿಕೊಂಡು ನೋಡಿ ಎಂದಳು ಸ್ಟೆಲ್ಲಾ.

"ಕೊರಿಯರ್ ಬ್ಯಾಡಮ್ಮ," ಎಂದರು ಯಶೋದತ್ತೆ. "ಅಣ್ಣನೇ ತಕ್ಕೊಂಡು ಬರ್ಬೇಕು. ತಿಂಗ್ಳಿಗೊಂದ್ಸಲ. ಅಂಗೇ ಬರ್ಕೋ."

ಸ್ಟೆಲ್ಲಾ ಮಾವನ ಮುಖ ನೋಡಿದಳು. ಮಾವ ನೆಲ ನೋಡುತ್ತಾ ತಲೆಯಾಡಿಸಿದರು. ಅವಳು ಹಾಗೇ ಬರೆದಳು. ಚಿತ್ರಕ್ಕೆ ಒಪ್ಪಿಗೆಯ ಸಹಿಯೂ ಆಯಿತು. ಆಮೇಲೆ ಯಶೋದತ್ತೆ ತಾವಾಗಿಯೇ ಸೆರಗು ಹಿಡಿದು ಮೊರ ತೆಗೆದುಕೊಂಡರು. ಅವತ್ತಿನ ಊಟಕ್ಕೆ ಕೂತಾಗ ಅಣ್ಣನನ್ನು ಬೈದದ್ದು ಬೈದದ್ದೇ. ನೋಟಿಸು ಕಳಿಸಲು ಗೊತ್ತಾಗುತ್ತದೆ, ಸಂಕ್ರಾಂತಿಗೆ ಎಳ್ಳು ಕಳಿಸಲು ಗೊತ್ತಾಗುವುದಿಲ್ಲವಾ ಎಂದು. ಮಾವ ತಲೆಯೆತ್ತದೆ ಮುದ್ದೆ ನುಂಗಿದರು. ಅವರು ಅಷ್ಟು ನೆಮ್ಮದಿಯಿಂದ ಉಂಡದ್ದನ್ನು ನಾನು ಆ ಮಳೆಗಾಲದಲ್ಲಿ ನೋಡಿರಲಿಲ್ಲ.

ಮುಂದಿನದು ಕಾನೂನಿನ ಕೆಲಸ. ಈ ಸಲದ ನೋಟಿಸು ಮಾಲೀಕಳ ಹೆಸರಲ್ಲಿ ಹೋಯಿತು. ಅಣ್ಣ ತಂಗಿ ಒಂದೇ ಕಡೆ ನಿಂತದ್ದು ನೋಡಿ, ಹಳೆಯ ಪೊಟ್ಟಣ, ಬಿಲ್ಲು, ಅಂಗಡಿಯವರ ಹೇಳಿಕೆ ಎಲ್ಲ ಸೇರಿಸಿದ್ದು ನೋಡಿ, ಆಂಧ್ರದವನು ಸದ್ದಿಲ್ಲದೆ ಜಡೆ ತೆಗೆದು ನವಿಲು ಹಾಕಿಕೊಂಡ. ಸೆಲ್ವಿಯಕ್ಕ ಊರೆಲ್ಲ ಸುತ್ತಿ, ಜಡೈ ಪೊಟ್ಟಲಂ ಅಂದರೆ ಇವರದೇ ಎಂದು ಹೇಳುವವರನ್ನು ಒಟ್ಟುಮಾಡಿಕೊಟ್ಟರು. ಅರ್ಜಿಗೆ ತಕರಾರೂ ಬಂತು, ಉತ್ತರವೂ ಹೋಯಿತು, ಪ್ರಕಟವಾಯಿತು, ಕೊನೆಗೆ ಪ್ರಮಾಣಪತ್ರ ಬಂತು. ಅದು ಬಂದ ದಿನ ರಮೇಶ ಪ್ರಿಂಟರ ಹತ್ತಿರ ಹೋಗಿ ವೃತ್ತದೊಳಗಿನ ಆ ಅಕ್ಷರವನ್ನು ಎಂದಿಗಿಂತ ದೊಡ್ಡದಾಗಿ ಹಾಕಿಸಿಕೊಂಡು ಬಂದ.

ಮಾವ ತಿಂಗಳಿಗೊಂದು ಸಲ ಹೋಗುತ್ತಾರೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಒಂದು ಪೊಟ್ಟಣ ಚೀಲದಲ್ಲಿಟ್ಟುಕೊಂಡು, ಬೆಳಗಿನ ಗಾಡಿಗೆ. ಯಶೋದತ್ತೆ ಪುಡಿಯನ್ನು ಅಂಗೈಗೆ ಹಾಕಿಕೊಂಡು ಮೂಸಿ, ನೀರಲ್ಲಿ ಕಲಸಿ, ನೊರೆ ನೋಡಿ ತೀರ್ಪು ಕೊಡುತ್ತಾರೆ. ಒಂದು ತಿಂಗಳು ಕಚೋರ ಕಡಿಮೆ, ಇನ್ನೊಂದು ತಿಂಗಳು ಸೀಗೆ ಹಳೇದು. ಸಂಜೆ ಬಂದ ಮಾವ ಅದನ್ನೆಲ್ಲ ನನಗೆ ಒಪ್ಪಿಸಿದಾಗ ನನಗೆ ಒಳಗೊಳಗೇ ಉರಿಯುತ್ತಿತ್ತು. ಪುಡಿ ಬೆರೆಸುವವಳು ನಾನು. ಅಂಗಡಿಗಳಲ್ಲಿ ಒಬ್ಬರೂ ಕೊಂಕು ತೆಗೆಯದ ಮಾಲಿನಲ್ಲಿ ಇವರಿಗೆ ಮಾತ್ರ ಪ್ರತಿ ಸಲ ತಪ್ಪು ಹೇಗೆ ಸಿಗುತ್ತದೆ?

ಕಳೆದ ತಿಂಗಳು ಗೊತ್ತಾಯಿತು. ಹೊರಡುವ ಮುಂಚೆ ಮಾವ ಶೆಡ್ಡಿನಲ್ಲಿ ಏನೋ ಮಾಡುತ್ತಿದ್ದರು. ಹೋಗಿ ನೋಡಿದರೆ ತಂಗಿಗೆಂದು ತೆಗೆದಿಟ್ಟ ಪೊಟ್ಟಣವನ್ನು ಬಿಚ್ಚಿ ಅದಕ್ಕೆ ಮೆಂತ್ಯದ ಹಿಟ್ಟು ಸುರಿಯುತ್ತಿದ್ದಾರೆ. ನನ್ನನ್ನು ಕಂಡು ಡಬ್ಬಿ ಬಚ್ಚಿಡಲು ನೋಡಿದರು. ಇದೇನು ಮಾವ, ಚೆನ್ನಾಗಿರೋ ಪುಡಿ ಯಾಕೆ ಕೆಡಿಸುತ್ತೀರಿ ಎಂದೆ.

"ಸರಿಯಾಗಿದ್ರೆ ಮೂಸಿ ನೋಡಿ, ಆಯ್ತು ಓಗು ಅಂತಾಳೆ ಕಣಮ್ಮ," ಎಂದರು. "ಕೆಟ್ಟಿದ್ರೆ ಊಟ ಆಗೋಗಂಟ ಕೂರಿಸ್ಕೊಂಡು ಬೈತಾಳೆ."

ಅವರ ಕೈಯಿಂದ ಡಬ್ಬಿ ತೆಗೆದುಕೊಂಡು ಇನ್ನೊಂದು ಹಿಡಿ ಮೆಂತ್ಯ ನಾನೇ ಹಾಕಿಕೊಟ್ಟೆ.